ಅಂಕೆ

ಸೋಮವಾರ, ಬೆಳಿಗ್ಗೆ ಏಳು.
ಬೆಳಿಗ್ಗೆ ಅನ್ನುವುದು ಗಡಿಯಾರದ ಮಾತು;
ಟಾಂಪೆರೆಯ ಆಕಾಶ ಇನ್ನೂ ಮಸಿ ಒರೆಸಿಕೊಂಡಿಲ್ಲ.
ಬಂಡೆ ಕೊರೆದ ಸುರಂಗದಲ್ಲಿ, ಕೊಳಚೆಯ ಕಾಲುವೆ ಮೇಲೆ
ರೌನಿ ಕೊಸ್ಕೆಲೊ ಬಾಟಲಿ ಹಿಡಿದು ಬಗ್ಗುತ್ತಾಳೆ.
ಮೂರು ಲಕ್ಷ ಜನರ ಶನಿವಾರ, ಭಾನುವಾರ
ಬೆಚ್ಚಗೆ ಹರಿಯುತ್ತಿದೆ:
ಕಾಫಿ, ರಕ್ತದೊತ್ತಡದ ಗುಳಿಗೆ, ಬಸಿರು ತಡೆಯುವ ಗುಳಿಗೆ,
ಯಾರೋ ಅತ್ತು ತೊಳೆದ ಮುಖ.
ನೀರು ಚಾಡಿ ಹೇಳುತ್ತದೆ, ಹೆಸರು ಹೇಳುವುದಿಲ್ಲ.
ಈ ಮರ್ಯಾದೆ ಅವಳಿಗೆ ಇಷ್ಟ.

ಮಧ್ಯಾಹ್ನ ಯಂತ್ರ ಒಂದು ಗೆರೆ ಎಬ್ಬಿಸಿತು
ಪಟ್ಟಿಯಲ್ಲಿಲ್ಲದ ಕಡೆ.
ಯಂತ್ರ ತೊಳೆದಳು. ಮತ್ತೆ ಅದೇ.
ತನ್ನ ಕೈಯನ್ನೇ ಬೈದುಕೊಂಡು ಮೂರನೆಯ ಸಲ. ಅದೇ.
ಹೋದ ವರ್ಷ ನಿಷೇಧಿಸಿದ್ದರ ತಮ್ಮ ಇರಬೇಕು,
ಅದೇ ಮೂಗು, ಅದೇ ಹುಬ್ಬು,
ಅಂಗಿಗೆ ಒಂದು ಗುಂಡಿ ಮಾತ್ರ ಬೇರೆ.
ಕಾನೂನು ಚಾಪೆ ಕೆಳಗೆ ತೂರಿದರೆ
ಇದು ರಂಗೋಲಿ ಕೆಳಗೆ ತೂರಿದೆ;
ಎಲ್ಲೋ ಒಬ್ಬ, ರಸಾಯನದಲ್ಲಿ ಇವಳಷ್ಟೇ ಜಾಣ,
ರಂಗೋಲಿಗಿಂತ ತೆಳ್ಳಗಿನ ಸಂದು ಹುಡುಕುತ್ತಿದ್ದಾನೆ.

ನಮೂನೆ ಬಂತು, ಹನ್ನೆರಡು ಪುಟ.
ಚಟದ ಸಾಧ್ಯತೆ? ಹೃದಯಕ್ಕೆ ಹಾನಿ? ಸಮಾಜಕ್ಕೆ?
ಎದುರಿಗೆ ಚೌಕಗಳು: ಕಡಿಮೆ, ಮಧ್ಯಮ, ಹೆಚ್ಚು.
ಆಮೇಲೆ, ಕರೆಯದೆ ಬಂದ ನೆಂಟನಂತೆ
ಹೊಸ್ತಿಲಲ್ಲೇ ನಿಂತ
ಗೊತ್ತಿಲ್ಲ.
ಇಲಿಗಳ ಮೇಲೆ ಪ್ರಯೋಗ: ಆಗಿಲ್ಲ.
ಮನುಷ್ಯರ ಮೇಲೆ: ನಡೆಯುತ್ತಿದೆ.
ಎರಡನೆಯ ಸಾಲು ಬರೆದು ಅಳಿಸಿದಳು.
ವ್ಯಂಗ್ಯಕ್ಕೆ ಚೌಕವಿಲ್ಲ.

ರಾತ್ರಿ ಫೋನು. ಸೂಜಿ ಬದಲಿಸಿಕೊಡುವ ವ್ಯಾನಿನ ನರ್ಸ್, ವೆಲ್ಲಮೊ:
"ಈ ಸಲದ್ದು ಬೇರೆ ಕಣೇ. ಬಂದವರು ಕೂರುವುದಿಲ್ಲ.
ಒಬ್ಬ ಐದು ದಿನದಿಂದ ಮಲಗಿಲ್ಲ. ಸೈಕಲ್ಲು ಬಿಚ್ಚಿ ಜೋಡಿಸಿ,
ಬಿಚ್ಚಿ ಜೋಡಿಸಿ, ಕೊನೆಗೆ ಒಂದು ನಟ್ಟು ಉಳಿದುಬಿಟ್ಟಿತಂತೆ.
ಅದಕ್ಕೆ ಅಳುತ್ತಿದ್ದಾನೆ.
ಮೈನಸ್ ಹದಿನೆಂಟರಲ್ಲಿ ಜಾಕೆಟ್ಟು ಕೈಯಲ್ಲಿ.
ನಾಡಿ ಹಿಡಿದೆ, ಎಣಿಸಲಾಗದೆ ಬಿಟ್ಟೆ."
ಇದನ್ನು ಹೇಗೆ ಬರೆಯಲಿ?
"ಬೇರೆ ಅಂತ ಬರೆ."
ಆಧಾರ: ಒಬ್ಬ ನರ್ಸಿನ ಹೇಳಿಕೆ. ಸಾಕ್ಷ್ಯದ ದರ್ಜೆ: ದುರ್ಬಲ.

ಆ ಸೈಕಲ್ಲಿನವನ ಹೆಸರು ಅರ್ವೊ. ಮುತ್ತಜ್ಜನದಂತೆ.
ಅವರ ಮಾತಿನಲ್ಲಿ ಬೆಲೆ ಎಂದರ್ಥ;
ನಮೂನೆಯ ತಲೆಬರಹದಲ್ಲಿ, ಬಾಲ ಬೆಳೆಸಿಕೊಂಡು,
ಅದೇ ಪದ ಕೂತಿದೆ.

ಮಾರ್ಚಿ. ಹೆಲ್ಸಿಂಕಿಯಲ್ಲಿ ಸಭೆ. ಒಂಬತ್ತು ಜನ, ಏಲಕ್ಕಿ ಬನ್ನು.
ನಿಷೇಧಿಸಿದರೆ ಮುಂದಿನದು ಇನ್ನೂ ಕೆಟ್ಟದ್ದಿರಬಹುದು, ಅಂದರು ಒಬ್ಬರು.
ನಿಷೇಧಿಸದಿದ್ದರೆ ಇದೇ ಇನ್ನೂ ಹರಡಬಹುದು, ಅಂದರು ಇನ್ನೊಬ್ಬರು.
ಇಬ್ಬರೂ ಸರಿ. ಬನ್ನು ಮುಗಿಯಿತು.
ಸಾವು ಎಷ್ಟು?
ಒಂದು. ಶಂಕಿತ.
ನಲವತ್ತೊಂದು ವರ್ಷದ ಹೆಂಗಸು, ಆಸ್ಪತ್ರೆಯ ನೆಲ ಒರೆಸುವವಳು;
ಎರಡು ಪಾಳಿ ಒಟ್ಟಿಗೆ ನಿಲ್ಲಲು ತೆಗೆದುಕೊಂಡಿದ್ದಳು,
ಮೋಜಿಗಲ್ಲ.
"ಒಂದು ಎಂಬುದು ಅಂಕೆಯಲ್ಲ," ಅಂದ ಸಂಖ್ಯಾಶಾಸ್ತ್ರದವನು,
ಕರುಣೆಯಿಲ್ಲದೆ ಅಲ್ಲ, ಅವನ ಶಾಸ್ತ್ರ ಹಾಗೆ.

ನಮ್ಮಲ್ಲಿ ಅಂಕೆ ಎಂದರೆ ಎಣಿಕೆಯೂ ಹೌದು, ಹತೋಟಿಯೂ ಹೌದು.
ಎಣಿಸಿದ್ದೆಲ್ಲ ಹತೋಟಿಗೆ ಬರುತ್ತದೆಂದು
ಯಾವ ಹಿರೀಕರು ನಂಬಿದರೋ,
ಒಂದೇ ಪದದಲ್ಲಿ ಎರಡು ಸಂಸಾರ ಹೂಡಿದರು.

ತೀರ್ಮಾನ ಮುಂದಿನ ಸಭೆಗೆ.

ರೈಲಿನಲ್ಲಿ ಹಿಂದಿರುಗುತ್ತ, ಅಪ್ಪಣೆ ಕೇಳದೆ,
ಅವಳು ಹಳದಿ ಹಾಳೆಗೆ ನಾಲ್ಕು ಸಾಲು ಬರೆದಳು. ವೆಲ್ಲಮೊ ವ್ಯಾನಿಗೆ ಅಂಟಿಸಿದಳು:
ಊರಲ್ಲಿ ಹೊಸದೊಂದು ಓಡಾಡುತ್ತಿದೆ. ಹಳೆಯದೆಂದು ನಂಬಬೇಡಿ.
ಒಬ್ಬರೇ ಇರಬೇಡಿ.
ಎದೆ ಹಾರಿದರೆ ಬನ್ನಿ, ನಿದ್ದೆ ಬರದಿದ್ದರೂ ಬನ್ನಿ.
ಪೊಲೀಸರನ್ನು ಕರೆಯುವುದಿಲ್ಲ.

ಏಪ್ರಿಲ್. ಈಗ ಏಳಕ್ಕೆ ಬೆಳಕಿದೆ.
ಸುರಂಗದಲ್ಲಿ ಮಾತ್ರ ಯಾವ ಋತುವೂ ಇಲ್ಲ, ವಾಸನೆ ಒಂದೇ.
ಗೆರೆ ಗಿಡ್ಡವಾಗಿದೆ.
ಹಾಳೆ ಓದಿದರೇ? ಸರಕು ಮುಗಿಯಿತೇ?
ಅಥವಾ ಛಾವಣಿಗಳ ಹಿಮ ಕರಗಿ ಚರಂಡಿಗಿಳಿದು
ನೀರು ಸುಮ್ಮನೆ ಹೆಚ್ಚಿತೇ?
ರೌನಿ ಪೆನ್ನಿನ ಮುಚ್ಚಳ ಕಚ್ಚಿ ತೆಗೆದು
ಹೊಸ್ತಿಲಲ್ಲಿ ನಿಂತ ನೆಂಟನನ್ನು
ಒಳಗೆ ಕರೆದಳು.