ಮೂರನೆಯ ಕೋಣೆಯ ಸಂಜೆ

ಇಪ್ಪತ್ತೊಂಬತ್ತು ವರ್ಷ ನನ್ನ ಕುರ್ಚಿ
ಕುತೈಸಿಯ ಮ್ಯೂಸಿಯಮ್ಮಿನ ಮೂರನೆಯ ಕೋಣೆಯಲ್ಲಿ,
ಕಿಟಕಿಗೆ ಬೆನ್ನು, ಚಿತ್ರಕ್ಕೆ ಮುಖ.
ಮುಟ್ಟಬೇಡಿ ಅನ್ನುವುದು ಕೆಲಸ,
ಮಿಕ್ಕ ಹೊತ್ತು ಹೆಣಿಗೆ.

ಚಿತ್ರ ದೊಡ್ಡದೇನಲ್ಲ. ಒಂದು ಅಂಗಳ,
ಗೋಡೆಗೆ ಒರಗಿಸಿದ ಏಣಿ,
ಅರ್ಧ ತೆರೆದ ಬಾಗಿಲು,
ಮೂಲೆಯಲ್ಲೊಂದು ಪರ್ಸಿಮನ್ ಮರ.
ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ.
ಚೀಟಿಯಲ್ಲಿ ‘ಅಂಗಳ’ ಎಂದಷ್ಟೇ ಇದೆ,
ಯಾವ ಹೊತ್ತೆಂದು ಇಲ್ಲ.
ನನಗೆ ಚೀಟಿ ಬೇಕಿರಲಿಲ್ಲ.
ಅದು ಸಂಜೆ.

ಮೇಷ್ಟ್ರು ಅನ್ಜೋರ್ ಬಂದಾಗೆಲ್ಲ
ಏಣಿಯ ಮೆಟ್ಟಿಲು ಎಣಿಸುತ್ತಿದ್ದರು:
“ಒಂಬತ್ತು. ಹತ್ತಿರಬೇಕಿತ್ತು. ಬಡಗಿ ಕಳ್ಳ.”
ಹಳೆ ಸಾಮಾನಿನ ದಲ್ಲಾಳಿಯೊಬ್ಬ
ಚೌಕಟ್ಟನ್ನಷ್ಟೇ ಸವರುವಂತೆ ನೋಡಿ
ಆಕ್ರೋಟಿನ ಮರ, ಒಳ್ಳೇ ಮಾಲು, ಎಂದು ಹೋದ.
ಯುದ್ಧದಲ್ಲಿ ಸುಖುಮಿಯಿಂದ
ಉಟ್ಟ ಬಟ್ಟೆಯಲ್ಲೇ ಬಂದ ಲಮಾರಾ
ಇದು ನಮ್ಮದೇ ಅಂಗಳ ಅಂದಳು;
ಬಾವಿ ಎಲ್ಲಿ ಅಂತ ನನ್ನನ್ನು ಕೇಳಿದಳು,
ನಾನೇ ಮುಚ್ಚಿಸಿದವಳಂತೆ.
ಚೌಕಟ್ಟಿನಾಚೆ ಇರಬಹುದಮ್ಮ, ಅಂದೆ.
ತಲೆಯಾಡಿಸಿ,
ಚಿತ್ರದ ಎಡಕ್ಕೆ ಸರಿದು
ಬರಿಗೋಡೆಯ ಮುಂದೆ ತುಂಬ ಹೊತ್ತು ನಿಂತಳು.

ಇನ್ನೊಬ್ಬ, ಸ್ಕೂಲು ಹುಡುಗ, ಮೂಗು ಸುರಿಸುತ್ತ:
“ಹತ್ತಿದವನು ಇಳಿಯಲೇ ಇಲ್ವಾ?”
ಟೀಚರು ಕಿವಿ ಹಿಡಿದು ಮುಂದಿನ ಕೋಣೆಗೆ ಎಳೆದೊಯ್ದಳು.
ಅವತ್ತಿನಿಂದ ನಾನೂ
ಗೋಡೆಯ ಮೇಲ್ಗಡೆ ಒಮ್ಮೆ ನೋಡದೆ
ಕುರ್ಚಿಗೆ ಕೂತದ್ದಿಲ್ಲ.

ನನ್ನದು ಸಂಜೆ, ಅಷ್ಟೆ.
ಆ ಕಂದು ಬೆಳಕು, ಚಹಾ ಆರಿದ ಬಣ್ಣದ್ದು,
ಬಾಗಿಲಾಚೆಯಿಂದ ಅಮ್ಮ ಇನ್ನೇನು ಕೂಗಬೇಕು:
ತ್ಸಿಯಾಲಾ, ಕತ್ತಲಾಯ್ತು, ಒಳಗೆ ಬಾ.
ಎಷ್ಟೋ ಸಲ
ಮ್ಯೂಸಿಯಂ ಮುಚ್ಚುವ ಗಂಟೆಗೆ ಮುಂಚೆಯೇ
ಹೆಣಿಗೆ ಸುತ್ತಿಟ್ಟು ಎದ್ದುಬಿಟ್ಟಿದ್ದೇನೆ.

ಹೋದ ಮಾರ್ಚಿನಲ್ಲಿ ತಿಬಿಲಿಸಿಯಿಂದ ತಾಮ್ತಾ ಬಂದಳು,
ಇಪ್ಪತ್ತಾರರ ಹುಡುಗಿ, ಹಣೆಗೆ ದೀಪ ಕಟ್ಟಿಕೊಂಡು,
ಕಡ್ಡಿಗೆ ಹತ್ತಿ ಸುತ್ತಿ, ಸೀಸೆಯಲ್ಲಿ ಅದ್ದಿ,
ಹಸುಗೂಸಿನ ಕಿವಿ ಒರೆಸುವ ಹಾಗೆ
ಮೂಲೆಯಿಂದ ಶುರುಮಾಡಿದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ.
ಇಲ್ಲಿ ಕಾಮಾಲೆ ಚಿತ್ರಕ್ಕೇ ಆಗಿತ್ತು.
ಮೊದಲ ವಾರ ಒಂದಂಗುಲ ಆಕಾಶ, ನೀಲಿ.
ಆಮೇಲೆ ಸುಣ್ಣದ ಗೋಡೆ, ಕಣ್ಣು ಕುಕ್ಕುವಂಥದ್ದು.
ಏಣಿಯ ನೆರಳು ಏಣಿಯ ಕಾಲಡಿಗೇ ಬಂತು.
ನಡುಮಧ್ಯಾಹ್ನ.
ಮಬ್ಬಿನೊಳಗಿಂದ ಹತ್ತನೆಯ ಮೆಟ್ಟಿಲೂ ಎದ್ದಿತು;
ಅನ್ಜೋರ್ ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷ,
ಬಡಗಿ ಕಳ್ಳನಲ್ಲ ಎಂದು
ಯಾರಿಗೆ ಹೇಳಲಿ?

“ಹಳೇ ವಾರ್ನಿಷ್ ಅಂದುಕೊಂಡಿದ್ದೆ,” ಅಂದಳು ತಾಮ್ತಾ,
“ಅಲ್ಲ. ಸೀಮೆಎಣ್ಣೆ ಹೊಗೆ.
ಯಾರೋ ಪುಣ್ಯಾತ್ಮರು ಈ ಕೋಣೆಯೊಳಗೇ
ಒಲೆ ಹಚ್ಚಿದ್ದಾರೆ, ವರ್ಷಗಟ್ಟಲೆ.”

ನಾನು ಸೂಜಿಯ ಮೇಲೆ ಕಣ್ಣಿಟ್ಟು ಕೂತೆ.

ಆ ಚಳಿಗಾಲಗಳು.
ಊರಿಗೇ ಕರೆಂಟಿಲ್ಲ, ಸಂಬಳವಿಲ್ಲ,
ಆದರೂ ಬರುತ್ತಿದ್ದೆವು ನಾನು ಮತ್ತು ಝುಝುನಾ,
ಕೋಟಿನ ಮೇಲೆ ಕೋಟು ಹಾಕಿ,
ನೋಡಲು ಒಂದು ನರಪಿಳ್ಳೆ ಬಾರದ ಚಿತ್ರಗಳನ್ನು ಕಾಯಲು.
ನಡುವೆ ಒಲೆ. ಒಲೆಯ ಮೇಲೆ ಆಲೂಗಡ್ಡೆ.
ಅವಳ ಗಂಡನ ಕಾಗದ ಬರಲಿಲ್ಲ ಎಂದು ಅವಳು,
ಅಮ್ಮನಿಗೆ ಔಷಧಿ ಸಿಗಲಿಲ್ಲ ಎಂದು ನಾನು;
ಮಾತಾಡಿದ್ದೆಲ್ಲ ಹೊಗೆಯ ಜೊತೆ ಮೇಲೇರಿ
ಎಲ್ಲಿ ಹೋಯಿತೆಂದು ಕೇಳಿದವರಾರು.
ನಾನು ಈ ಕೋಣೆಗೆ ಬಂದ ಮೊದಲ ದಿನ
ಅಂಗಳದಲ್ಲಿ ಎಷ್ಟು ಹೊತ್ತಾಗಿತ್ತು?
ಎಷ್ಟು ನೆನೆದರೂ ನೆನಪಿಲ್ಲ.

ಈಗ ಜನ ಬರುತ್ತಾರೆ, ಅಬ್ಬ ಏನು ಬಿಸಿಲು ಅನ್ನುತ್ತಾರೆ.
ನಿನ್ನೆ ಒಬ್ಬ ನಿಜವಾಗಿಯೂ ಹಣೆಗೆ ಕೈ ಅಡ್ಡ ಹಿಡಿದ.
ಮುಟ್ಟಬೇಡಿ, ಅಂದೆ.
ಅವನು ಮುಟ್ಟಿರಲಿಲ್ಲ.

ತಾಮ್ತಾಳ ಕಸದ ಡಬ್ಬಿಯಿಂದ
ಒಂದು ಹತ್ತಿಯುಂಡೆ ಎತ್ತಿಕೊಂಡಿದ್ದೇನೆ.
ಚಹಾ ಆರಿದ ಬಣ್ಣ.
ಮೂಸಿದೆ. ಮೊದಲು ಔಷಧಿಯ ಘಾಟು,
ಅದರಡಿಗೆ, ತುಸು ತಡೆದು,
ಸುಟ್ಟ ಆಲೂಗಡ್ಡೆಯ ಸಿಪ್ಪೆ.

ಅವಳಿಗೂ ಮೂಸಲು ಕೊಟ್ಟೆ.
ಬರೀ ಔಷಧಿ, ಅಂದಳು.