ಹಿಂದಿನ ಸೀಟು

ಹಾಸನದ ಬಿ.ಎಂ. ರಸ್ತೆಯ ಯಾರ್ಡಿನಲ್ಲಿ ಸಾಲಾಗಿ ನಿಂತಿವೆ,
ಗಾಜಿನ ಮೇಲೆ ಸುಣ್ಣದಲ್ಲಿ ಬರೆದ ಇಸವಿ,
ಎಷ್ಟನೇ ಓನರ್, ಎಷ್ಟು ಕಿಲೋಮೀಟರ್.
'ಮೀಟರ್ ನಂಬಬೇಡಿ ಮಾಮ' ಅಂತ ಫಯಾಜ್
ಬಾನೆಟ್ಟಿನೊಳಗೆ ತಲೆ ಹಾಕಿ
ಆಯಿಲ್ ಕಡ್ಡಿ ಮೂಸುತ್ತಾನೆ.
ನಾನು ನಂಬುವುದು ಸೀಟನ್ನು.

ಪೆನ್ಷನ್ ಮೊಹಲ್ಲಾದಲ್ಲಿ ಮೂವತ್ತನಾಲ್ಕು ವರ್ಷ ಕುಶನ್ ಕೆಲಸ.
ಡ್ರೈವರ್ ಸೀಟಿನ ಬಲ ಅಂಚು ಕುಸಿದಿದ್ದರೆ
ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದವನು,
ಕಂಟ್ರಾಕ್ಟರೋ ಡಾಕ್ಟರೋ.
ಹಿಂದಿನ ಸೀಟಿನ ಎಡಮೂಲೆ ಮಾತ್ರ ತಗ್ಗಾಗಿದ್ದರೆ
ಒಬ್ಬರೇ ಕೂತು ಪೇಪರ್ ಓದಿದ ದೊಡ್ಡ ಮನುಷ್ಯರು.
ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತೋ,
ಆ ಗಾಡಿ ನಕ್ಕಿದೆ.

ಬೆಳ್ಳಿ ಬಣ್ಣದ ಹಳೇ ಬೆಂಜ್ ಒಂದು.
ಅದರ ಪಕ್ಕ, ಅದೇ ಮನೆತನದ, ಮೂರೇ ವರ್ಷದ್ದು.
ಮೊಮ್ಮಗಳು ಶಾಜಿಯಾ ಹೊಸದರ ಮುಂದೆಯೇ ನಿಂತಳು.
ನನಗೆ ಆ ಮುಖ ಬಾಕಿ ವಸೂಲಿಗೆ ಬಂದವನದ್ದು:
ಕಿರಿದಾದ ಕಣ್ಣು, ಕಿವಿಯವರೆಗೂ ಬಾಯಿ.
'ಗಾಡಿಗಳಿಗೆ ಯಾವಾಗಿಂದ ಇಷ್ಟು ಸಿಟ್ಟು?'
'ಸಿಟ್ಟಲ್ಲ ನಾನಾ, ಸ್ಟೈಲು.
ನಿಮ್ಮದು ಊಟ ಮುಗಿಸಿ ಮಲಗೋಕೆ ಹೊರಟಂಗಿದೆ.'

ಹೌದಲ್ಲ. ಹಳೆಯದಕ್ಕೆ ನಿದ್ದೆಗಣ್ಣು.
ಭುಜದಿಂದ ಬಾಲದವರೆಗೆ ಒಂದೇ ಗೆರೆ,
ಕೈ ಎತ್ತದೆ ಸೀಮೆಸುಣ್ಣದಲ್ಲಿ ಎಳೆದದ್ದು.
ಹೊಸದರ ಬಾಗಿಲಿಗೆ ಮಡಿಕೆಯ ಮೇಲೆ ಮಡಿಕೆ,
ಇಸ್ತ್ರಿ ಅಂಗಡಿಗೆ ಕೊಡೋಣ ಅನ್ನಿಸುತ್ತದೆ.
ಒಳಗೆ ಮರವಿಲ್ಲ, ತಿರುಗಿಸುವ ಗುಂಡಿಯಿಲ್ಲ,
ಗೋಡೆಯಿಂದ ಬಿಚ್ಚಿ ತಂದ ಟಿವಿ ಅಡ್ಡ ಮಲಗಿದೆ.

ಆದರೂ ನ್ಯಾಯ ಹೇಳಬೇಕು.
ಎಂಬತ್ತೊಂಬತ್ತರಲ್ಲಿ ನಾನೇ
ಒಂದು ಒಳ್ಳೇ ಅಂಬಾಸಿಡರಿಗೆ ಮೆರೂನ್ ವೆಲ್ವೆಟ್ ಹೊಲಿದು
ಅಂಚಿಗೆಲ್ಲ ಚಿನ್ನದ ಪೈಪಿಂಗ್ ಕೊಟ್ಟು
ಇದಪ್ಪ ಸೀಟು ಅಂದುಕೊಂಡವನು.
ಈಗ ಆ ಬಣ್ಣ ನೆನೆದರೆ ಹಲ್ಲು ಜುಮ್ಮೆನ್ನುತ್ತದೆ.

ಫಯಾಜ್ ಕೈ ಒರೆಸಿಕೊಂಡು ಬಂದ.
'ಇಂಜಿನ್ ಕಲ್ಲಿನಂಗಿದೆ. ಆದ್ರೆ ಒಂದು ಹೆಡ್‌ಲೈಟ್ ಒಡೆದ್ರೆ
ನಿಮ್ಮ ಎರಡು ಹೊಲಿಗೆ ಮಿಷನ್ ಮಾರಬೇಕು.
ಯೋಚನೆ ಮಾಡಿ.'

ಯೋಚನೆ ಮಾಡಲು ಹಿಂದಿನ ಬಾಗಿಲು ತೆಗೆದೆ.
ಇಂಥ ಗಾಡಿಗಳೊಳಗೆ ನಾನು ಹೋದದ್ದೆಲ್ಲ ಮೊಣಕಾಲ ಮೇಲೆ,
ಬಾಯಲ್ಲಿ ಕ್ಲಿಪ್ಪು, ಕೈಯಲ್ಲಿ ಇಕ್ಕಳ,
ಸೀಟಿಗೆ ಮುಖ ಮಾಡಿ.
ಬೆನ್ನು ಕೊಟ್ಟು ಕೂತದ್ದು ಇದೇ ಮೊದಲು.
ಬಾಗಿಲು ಹಾಕಿಕೊಂಡಿತು,
ಆಲೂಗಡ್ಡೆ ಮೂಟೆ ಇಳಿಸಿದ ಸದ್ದು.
ಹೊರಗೆ ಹೋಗುತ್ತಿದ್ದ ಕೆಂಪು ಬಸ್ಸು
ಹಾರನ್ ಸಮೇತ ನೀರಿನಲ್ಲಿ ಮುಳುಗಿತು.

ಕೈ ಸುಮ್ಮನಿರಬೇಕಲ್ಲ.
ಚರ್ಮದ ಹೊಲಿಗೆ ಹಿಡಿದು ಹೊರಟ ಬೆರಳು
ಮೊಣಕೈ ಇಡುವ ದಿಂಡಿನ ಕೆಳಗೆ ನಿಂತಿತು:
ಒಂದು ಟಾಕು ಹಾರಿದೆ.
ಜರ್ಮನಿಯಲ್ಲೂ ಯಾರೋ ಒಬ್ಬ
ಊಟದ ಬೆಲ್ಲಿಗೆ ಮುಂಚೆ ಗಡಿಯಾರ ನೋಡಿದ್ದಾನೆ.

ಯಾರ್ಡಿನ ಯೋಗಾನಂದ ಟೀ ಹಿಡಿದು ಬಂದರು.
'ಏನಂತೀರಿ ದಸ್ತಗೀರಣ್ಣ?'
'ಹೊಲಿಗೆ ಬಿಟ್ಟಿದೆ, ಇಪ್ಪತ್ತು ಸಾವಿರ ಇಳಿಸಿ' ಅಂದೆ.
ಇಳಿಸಿದರು.
ಅಷ್ಟು ದೂರದವನನ್ನು ಹೀಗೆ ಹಿಡಿದುಕೊಟ್ಟೆನಲ್ಲ ಎಂದು
ಆ ಟಾಕನ್ನು ಹಾಗೇ ಬಿಟ್ಟಿದ್ದೇನೆ.
ಶಾಜಿಯಾ ಅದರ ಮೇಲೆ ಬೆರಳಾಡಿಸುತ್ತಾ
ಆ ಸಿಟ್ಟಿನ ಮುಖದ ರೇಟು
ಇನ್ನೆಷ್ಟು ವರ್ಷಕ್ಕೆ ಇಳಿಯುತ್ತೆ ಎಂದು ಕೇಳುತ್ತಾಳೆ.