ಈರುಳ್ಳಿ ಲೆಕ್ಕದವನ ಅಭಿಪ್ರಾಯ

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.
ಕೇಳುವವರು ಟೈ ಕಟ್ಟಿದವರನ್ನು ಕೇಳುತ್ತಾರೆ,
ಬೆನ್ನ ಹಿಂದೆ ಭೂಪಟ ಇರುವವರನ್ನು.
ನಾನು ಫುಜೈರಾದಲ್ಲಿ
ಲಂಗರು ಹಾಕಿ ಕಾಯುವ ಹಡಗುಗಳಿಗೆ
ಈರುಳ್ಳಿ ಇಪ್ಪತ್ತು ಚೀಲ, ಮೊಟ್ಟೆ ನಲವತ್ತು ಟ್ರೇ
ಎಣಿಸಿ, ಬೋಟಿಗೇರಿಸಿ, ಸಹಿ ತರುವವನು.
ಹದಿನಾಲ್ಕು ವರ್ಷವಾಯಿತು.

ಯುದ್ಧ ಶುರುವಾದದ್ದು ನನಗೆ ತಿಳಿದದ್ದು ಟೀವಿಯಿಂದಲ್ಲ,
ಈರುಳ್ಳಿಯಿಂದ.
ಎರಡು ದಿನಕ್ಕೆಂದು ನಿಂತ ಹಡಗು ಹನ್ನೊಂದನೇ ದಿನ
ಮತ್ತೆ ಚೀಟಿ ಕಳಿಸಿತು: ಇನ್ನೂ ಇಪ್ಪತ್ತು ಚೀಲ.
ರಾತ್ರಿ ಕಾರ್ನಿಶಿನಲ್ಲಿ ನಿಂತರೆ
ಕಡಲ ಮೇಲೊಂದು ಊರೇ ಎದ್ದಂತೆ ದೀಪ,
ಮುಂದೆ ಹೋಗಲಾರದ, ಹಿಂದೆ ಬರಲಾರದ ಊರು.
ಮಾಲೀಕ ಖುಷಿಯಲ್ಲಿದ್ದ. ನನಗೂ ಓವರ್‌ಟೈಮ್ ಬಂತು.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ಯಾರೂ ಎತ್ತಿ ಆಡಬಾರದು.

ಪ್ರಾಪ್ತಿಗೆ ಒಂಬತ್ತು ವರ್ಷ.
ಮೊನ್ನೆ ನಡುರಾತ್ರಿ ಬಿಲ್ಡಿಂಗಿನ ಫೋನುಗಳೆಲ್ಲ ಒಟ್ಟಿಗೆ ಕಿರುಚಿದಾಗ
ಎದ್ದವಳೇ ಚಪ್ಪಲಿ ಹಾಕಿಕೊಂಡಳು.
ಎಲ್ಲಿಗೆ ಮಾರಾಯ್ತಿ, ಅಂದೆ.
ಗೊತ್ತಿಲ್ಲ, ಅಂದಳು, ಹಾಕಿಕೊಂಡಿದ್ದರೆ ಒಳ್ಳೇದಲ್ವಾ.
ಸುಗಂಧಿ ಕಿಟಕಿಗೆ ಕಂಬಳಿ ಇಳಿಬಿಟ್ಟಳು.
ಬೆಟ್ಟದಾಚೆ ಒಂದು ಸದ್ದು, ಕಬ್ಬಿಣದ ಗೇಟು ಬಿದ್ದ ಹಾಗೆ.
ಅಷ್ಟೇ.
ಬೆಳಿಗ್ಗೆ ಸ್ಕೂಲು ಉಂಟೋ ಇಲ್ಲವೋ ತಿಳಿಯದೆ
ಯೂನಿಫಾರ್ಮ್ ತೊಡಿಸಿ ಕೂರಿಸಿದೆವು.

ಊರಿನ ಗುಂಪಿನಲ್ಲಿ ಬೋಜ ಭಾವನ ಮೆಸೇಜು:
"ಸರಿಯಾಗಿ ಒಂದು ಬಿಡಬೇಕು. ನಕಾಶೆಯಿಂದಲೇ ಅಳಿಸಬೇಕು."
ಯಾರನ್ನು, ಕೇಳಿದೆ.
"ಅವರನ್ನೇ."
ಕೆಳಗೆ ಹನ್ನೆರಡು ಹೆಬ್ಬೆರಳು, ಒಂದು ಬಾವುಟ.
ಅದೇ ಭಾವ ಮರುಕ್ಷಣ: "ಫುಜೈರಾ ಅಂದರೆ ದುಬೈಯಲ್ಲಿ ಎಷ್ಟನೇ ಸ್ಟಾಪು?"
ಟೀವಿಯ ಹುಡುಗ ಅವನಿಗಿಂತ ಕಡೆ.
ನಮ್ಮ ಮನೆ, ಗೋದಾಮು, ಪ್ರಾಪ್ತಿಯ ಸ್ಕೂಲು ಎಲ್ಲವನ್ನೂ
ಒಂದೇ ಬಾಣದ ಗುರುತಿನಲ್ಲಿ
ನಡುಸಮುದ್ರಕ್ಕೆ ಹಾಕಿದ್ದ.
ಅಳಿಸುವ ಮೊದಲು ಎಲ್ಲಿದೆ ಅಂತಾದರೂ ನೋಡಬೇಡವೇ?

ನಗಲು ಹೋದೆ. ನಗು ಅರ್ಧಕ್ಕೆ ನಿಂತಿತು.
ಹಿಂದಿನ ವಾರ ನಾನೇ ಒಂದು ವೀಡಿಯೊ ಕಳಿಸಿದ್ದೆ:
ಕತ್ತಲ ಕಡಲು, ಉರಿಯುವ ಹಡಗು,
"ಇದೀಗ ನಮ್ಮ ಹತ್ತಿರ" ಅನ್ನುವ ಒಕ್ಕಣೆ ಸಮೇತ.
ಅದು ನಾಲ್ಕು ಗುಂಪು ಸುತ್ತಿ, ಊರಲ್ಲಿ ಅತ್ತೆ ಹರಕೆ ಹೊತ್ತ ಮೇಲೆ
ಪ್ರಾಪ್ತಿ ನನ್ನ ಹೆಗಲ ಮೇಲಿಂದ ಇಣುಕಿ
"ಅಪ್ಪಾ, ಇದು ಗೇಮ್. ಮೇಲೆ ನೋಡು, ಸ್ಕೋರ್ ಉಂಟು" ಅಂದಳು.
ಇತ್ತು. ಹಸಿರು ಅಂಕಿ. ಸಾವಿರದ ನಾನೂರ ಐವತ್ತು.
ಅಳಿಸಿದೆ.
ಅಷ್ಟರಲ್ಲಿ ಅದು ನನ್ನ ಕೈಯಲ್ಲಿರಲಿಲ್ಲ.

ಗೋದಾಮಿನಲ್ಲಿ ತನ್ವೀರ್ ಇದ್ದಾನೆ, ಸಿಯಾಲ್‌ಕೋಟಿನವನು.
ನಮ್ಮ ಎರಡು ದೇಶ ಮಾತು ಬಿಟ್ಟ ವಾರ
ನಾವೂ ಬಿಟ್ಟೆವು, ಯಾರೂ ಹೇಳದೆ.
ಆದರೆ ಮೂಟೆ ಇಬ್ಬರೇ ಎತ್ತಬೇಕು.
'ಹೂಂ' ಅನ್ನದೆ ಎತ್ತಿದರೆ ಒಬ್ಬನ ಸೊಂಟ ಹೋಗುತ್ತದೆ.
ಮೂರನೇ ದಿನ ಅವನು 'ಹೂಂ' ಅಂದ. ನಾನೂ ಅಂದೆ.
ರಾಜತಂತ್ರದ ಬಗ್ಗೆ ನನಗೆ ಗೊತ್ತಿರುವುದು ಇಷ್ಟು.

ಯುದ್ಧ ಬೇಕು ಅನ್ನುವವರ ಮನೆಯಲ್ಲಿ
ಒಂದೇ ಒಂದು ರಾತ್ರಿ ಫೋನು ಹಾಗೆ ಕಿರುಚಲಿ
ಎಂದು ಬಯಸಿದ್ದುಂಟು.
ಬೋಜ ಭಾವನ ಮನೆಯಲ್ಲಿ ಆರು ತಿಂಗಳ ಕೂಸು,
ಬಾಗಿಲು ಬಡಿದರೂ ಬೆಚ್ಚುತ್ತದೆ.
ಬಯಕೆಯನ್ನು ವಾಪಸು ತೆಗೆದುಕೊಂಡೆ.
ಸಿಟ್ಟು ಇನ್ನೂ ಇದೆ. ಎಲ್ಲಿ ಇಡುವುದು ತಿಳಿಯುತ್ತಿಲ್ಲ.

ಈಗ ಹಡಗು ತೋರಿಸುವ ಆ್ಯಪಿಗೂ ತಲೆ ಕೆಟ್ಟಿದೆ,
ಯಾರೋ ಸಿಗ್ನಲ್ ಕಲಕಿದ್ದಾರಂತೆ.
ನಾನು ಅಕ್ಕಿ ಮುಟ್ಟಿಸಬೇಕಾದ ಹಡಗು
ಪರದೆಯಲ್ಲಿ ಬೆಟ್ಟದ ನೆತ್ತಿ ಹತ್ತಿ ಕೂತಿದೆ.
ಪ್ರಾಪ್ತಿ ನಕ್ಕು ನಕ್ಕು ಬಿದ್ದಳು. ಆಮೇಲೆ ಕೇಳಿದಳು:
ಬಾಂಬಿಗೂ ಹೀಗೇ ತಪ್ಪು ತೋರಿಸಿದರೆ?
ಚಪ್ಪಲಿ ಈಗ ಮಂಚದ ಪಕ್ಕದಲ್ಲೇ ಇರುತ್ತದೆ,
ಮೂರು ಜೊತೆ.

ಬೋಟಿನವ ಆ್ಯಪ್ ಮುಚ್ಚಿ, ಕಣ್ಣಳತೆಯಲ್ಲೇ ಹೊರಟ.
ಹಡಗು ಇದ್ದಲ್ಲೇ ಇತ್ತು, ನೀರಿನಲ್ಲಿ.
ಅಷ್ಟೆತ್ತರದ ಡೆಕ್ಕಿನಿಂದ ಅಡುಗೆಯವನು ಬಾಗಿ ಕೂಗಿದ:
ನೆಲದ ಮೇಲೆ ಏನು ಸುದ್ದಿ?
ಬಾಯಿಗೆ ಎಷ್ಟೋ ಬಂತು.
ಈರುಳ್ಳಿ ಸ್ವಲ್ಪ ಒದ್ದೆಯಾಗಿದೆ, ಅಂದೆ.
ಮೇಲಿನ ಚೀಲ ಮೊದಲು ಬಿಚ್ಚಿ, ಗಾಳಿಗೆ ಹರಡಿ.